ಕಾಲ್ ಮುಗಿದ ಮೇಲೆ ಕೋಡ್ ತಲೆಗೆ ಹತ್ತಲ್ಲ

ಸುಮಾ (ಹೆಸರು, ವಿವರ ಬದಲಿಸಿದ್ದೇನೆ) ಬೆಂಗಳೂರಿನ ಒಂದು ಐಟಿ ಕಂಪನಿಯಲ್ಲಿ ಪ್ರೊಡಕ್ಷನ್ ಸಪೋರ್ಟ್ ಇಂಜಿನಿಯರ್, ಅಂದರೆ ಬಳಕೆಯಲ್ಲಿರುವ ಸಾಫ್ಟ್‌ವೇರ್ ಕೆಟ್ಟರೆ ಸರಿಪಡಿಸುವವರು. ಕ್ಲೈಂಟ್ ಅಮೆರಿಕದವರು. ಅಲ್ಲಿ ಆಫೀಸು ತೆರೆಯುವ ಹೊತ್ತಿಗೆ ಇಲ್ಲಿ ಸಂಜೆ, ಹಾಗಾಗಿ ಸಿಸ್ಟಮ್ ಡೌನ್ ಆಯಿತೆಂದರೆ ರಾತ್ರಿಯೆಲ್ಲ ಬ್ರಿಡ್ಜ್ ಕಾಲ್ (ಎಲ್ಲರೂ ಒಟ್ಟಿಗೆ ಸೇರುವ ಫೋನ್ ಮಾತುಕತೆ). ಕೂಗಾಡುವ ಕ್ಲೈಂಟ್ ಜೊತೆ ಮಾತಾಡಲು ಟೀಮಲ್ಲಿ ಬೇರೆ ಯಾರೂ ಮುಂದೆ ಬರಲ್ಲ. "ಸುಮಾ ಚೆನ್ನಾಗಿ ಹ್ಯಾಂಡಲ್ ಮಾಡ್ತಾಳೆ" ಅಂತ ಎಲ್ಲ ಅವರ ತಲೆಗೇ. ಅಪ್ರೈಸಲ್‌ನಲ್ಲಿ ಮಾತ್ರ, ಕಮ್ಯುನಿಕೇಶನ್ ಚೆನ್ನಾಗಿದೆ, ಟೆಕ್ನಿಕಲ್ ಕೆಲಸ ಕಡಿಮೆ ಅಂತ ಬರೆದಿದ್ದರು.

"ಮೇಡಂ, ನಾನು ದಡ್ಡಿ ಆಗಿಬಿಟ್ಟಿದ್ದೀನಾ? ಕಾಲ್ ಮುಗಿದ ಮೇಲೆ ಕೋಡ್ ನೋಡಿದ್ರೆ ಒಂದು ಸಾಲೂ ತಲೆಗೆ ಹತ್ತಲ್ಲ" ಅಂದರು, ಸಲಹೆ ಕೇಳಲು ನನ್ನ ಹತ್ತಿರ ಬಂದಾಗ. ಅಮ್ಮ ಊಟಕ್ಕೆ ಕರೆದರೂ ರೇಗುತ್ತಿದ್ದರಂತೆ.

ನಿದ್ದೆ, ಹಸಿವು, ಬದುಕೇ ಬೇಡ ಅನಿಸುವ ಯೋಚನೆ, ಎಲ್ಲವನ್ನೂ ಮೊದಲು ವಿಚಾರಿಸಿದೆ. ನಿದ್ದೆ ಮಾತ್ರ ಕೆಟ್ಟಿತ್ತು. ಅಂಥ ಯೋಚನೆ ಇದ್ದಿದ್ದರೆ ಆಗಲೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. (ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.)

ನೀವು ದಡ್ಡಿಯಲ್ಲ, ಎರಡು ಕೆಲಸ ಮಾಡುತ್ತಿದ್ದೀರಿ, ಲೆಕ್ಕಕ್ಕೆ ಬರುತ್ತಿರುವುದು ಒಂದೇ ಅಂದೆ. ಸಂಬಳಕ್ಕಾಗಿ ಭಾವನೆಗಳನ್ನು ತಿದ್ದಿಕೊಳ್ಳುವುದೂ ದುಡಿಮೆಯೇ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರ ಕೆಲಸ ನೋಡಿ 1983ರಲ್ಲೇ ಬರೆದಿದ್ದಾರೆ. ಒಳಗೆ ಕುದಿಯುತ್ತಾ ಹೊರಗೆ ನಗುವುದು ಒಂದು ಬಗೆ. ಎದುರಿನವರ ಕಷ್ಟ ಅರ್ಥ ಮಾಡಿಕೊಂಡು ನಿಜವಾಗಿಯೇ ಸಮಾಧಾನ ತಂದುಕೊಳ್ಳುವುದು ಇನ್ನೊಂದು. ಆಮೇಲೆ ನಡೆದ ಅಧ್ಯಯನಗಳಲ್ಲಿ ಜಾಸ್ತಿ ದಣಿವು ಕಂಡಿರುವುದು ಮೊದಲನೆಯದರಲ್ಲಿ. ಸಿಟ್ಟು ನುಂಗುವುದಕ್ಕೂ ಗಮನ ಬೇಕು, ಕೋಡ್‌ನಲ್ಲಿನ ತಪ್ಪು (ಬಗ್) ಹುಡುಕುವುದಕ್ಕೂ ಅದೇ ಗಮನ ಬೇಕು ಅಲ್ವಾ?

ಕಾಲ್ ಮುಗಿದ ಕೂಡಲೇ ಟಿಕೆಟ್ (ಸರಿಪಡಿಸಬೇಕಾದ ತೊಂದರೆಯ ದಾಖಲೆ) ತೆರೆಯಬೇಡಿ ಅಂದೆ. ಹೆಡ್‌ಸೆಟ್ ತೆಗೆದಿಟ್ಟು ಹದಿನೈದು ನಿಮಿಷ ಎದ್ದು ಓಡಾಡಿ, ಅಮ್ಮನಿಗೂ "ಈಗ ಮಾತು ಬೇಡಮ್ಮ, ಆಮೇಲೆ ಬರ್ತೀನಿ" ಅಂತ ಮೊದಲೇ ಹೇಳಿಡಿ. ಕ್ಲೈಂಟ್ ಬೈದರೆ, ಅವರ ಮೇಲೂ ಯಾರೋ ಕೂಗುತ್ತಿದ್ದಾರೆ ಅಂತ ನೆನೆಸಿಕೊಳ್ಳಿ, ಇದರಿಂದ ಕೆಲವು ಸಲ ಒಳಗಿನ ಕುದಿ ಇಳಿಯುತ್ತದೆ. ಆದರೆ ವೈಯಕ್ತಿಕವಾಗಿ ಹೀಯಾಳಿಸಿದರೆ ಸಹಿಸಬೇಕಿಲ್ಲ, ಅಲ್ಲೇ ಮ್ಯಾನೇಜರನ್ನು ಕಾಲ್‌ಗೆ ಸೇರಿಸಿ.

ಎಲ್ಲಕ್ಕಿಂತ ಮುಖ್ಯ, ಪ್ರತಿ ಕಾಲ್ ಎಷ್ಟು ಹೊತ್ತು ನಡೆಯಿತು, ಏನು ಇತ್ಯರ್ಥವಾಯಿತು ಅಂತ ಬರೆದಿಟ್ಟು, ಅದನ್ನು ಹಿಡಿದುಕೊಂಡೇ ಮ್ಯಾನೇಜರ್ ಹತ್ತಿರ ಹೋಗಿ. ಕಾಲ್‌ಗಳಿಗೆ ಸರದಿ ಹಾಕಲಿ, ಈ ಕೆಲಸವನ್ನು ಅಪ್ರೈಸಲ್ ಗುರಿಗಳಲ್ಲಿ ಸೇರಿಸಲಿ. ಕಂಪನಿಗಳು ಇಂಥವರಿಗೆ ಸುಮ್ನೆ ಒಂದು ಧ್ಯಾನದ ಆ್ಯಪ್ ಕೊಟ್ಟು ಕೈ ತೊಳೆದುಕೊಳ್ಳುವುದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹೊರೆ ಅಷ್ಟೇ ಇದ್ದರೆ ಧ್ಯಾನ ಎಷ್ಟು ದಿನ ತಡೆದೀತು?

ಮುಂದಿನ ಭೇಟಿಯ ಹೊತ್ತಿಗೆ ಸರದಿ ಶುರುವಾಗಿತ್ತು, ನಿದ್ದೆ ಸ್ವಲ್ಪ ಸುಧಾರಿಸಿತ್ತು. ಅಪ್ರೈಸಲ್ ವಿಷಯ ಇನ್ನೂ ಎಚ್‌ಆರ್ ಮೇಜಿನ ಮೇಲಿದೆ. ಅದು ಆಗದಿದ್ದರೆ ಬೇರೆ ಟೀಮ್ ಕೇಳಿ ಅಂತ ಹೇಳಿದ್ದೇನೆ.