ಸಂಬಳ ಏರಿಸಿದ್ದಕ್ಕೇ ಮಷೀನ್ ಬಂತಾ?

ನಿಮ್ಮ ಪತ್ರ ಓದಿದೆ. ಹಾಸನದಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಗೆ ಎಂ.ಎಸ್. ಓದಲು ಬಂದು ಇನ್ನೂ ತಿಂಗಳು ತುಂಬಿಲ್ಲ, ಆಗಲೇ ತಂದ ದುಡ್ಡು ಕರಗುತ್ತಿದೆ ಅಂತ ಬರೆದಿದ್ದೀರಿ. ಇಲ್ಲಿ ಬರ್ಗರ್ ಅಂಗಡಿಯಲ್ಲೂ ಗಂಟೆಗೆ 20 ಡಾಲರ್ ಕೊಡುತ್ತಾರಂತೆ, ಅಷ್ಟರಲ್ಲಿ ಬದುಕಬಹುದಾ ಅಂತ ಕೇಳಿದ್ದೀರಿ. ನಿಮ್ಮ ರೂಮ್‌ಮೇಟ್, "ಹಾಗೆ ಸಂಬಳ ಏರಿಸಿದ್ದಕ್ಕೇ ಎಲ್ಲ ಕಡೆ ಮಷೀನ್ ಬಂತು, ಇನ್ನು ಎರಡು ವರ್ಷದಲ್ಲಿ ಆ ಕೆಲಸಗಳೇ ಇರಲ್ಲ" ಅಂದರಂತೆ. ಪರಿಚಯದವರೊಬ್ಬರು ತಮ್ಮ ಹೋಟೆಲಿಗೆ ಬಾ, ಗಂಟೆಗೆ 10 ಡಾಲರ್ ಕ್ಯಾಶ್ ಕೊಡ್ತೀನಿ ಅಂದಿದ್ದಾರೆ, ಹೋಗಲಾ ಅಂತಾನೂ ಕೇಳಿದ್ದೀರಿ.

ನಾನು ಸಾಫ್ಟ್‌ವೇರ್‌ನವಳಲ್ಲ. ಗಂಡನ ವೀಸಾದ ಮೇಲೆ ಬಂದು ಬಹಳ ವರ್ಷ ಮನೆಯಲ್ಲೇ ಇದ್ದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರ ಸಂಗಾತಿಗಳಿಗೂ 2015ರಲ್ಲಿ ಕೆಲಸದ ಪರ್ಮಿಟ್ ಕೊಡೋಕೆ ಶುರು ಮಾಡಿದರು. ಆಗ ಒಂದು ದೊಡ್ಡ ದಿನಸಿ ಅಂಗಡಿಯ ಕ್ಯಾಶ್ ಕೌಂಟರ್ ಸೇರಿದೆ. ಈಗ ಅಲ್ಲೇ ಎಲ್ಲರಿಗೂ ಶಿಫ್ಟ್ ಹಂಚುವ ಕೆಲಸ ನನ್ನದು. ಹಾಗಾಗಿ ಈ ವಿಷಯ ನನಗೆ ದಿನಾ ಕಣ್ಣೆದುರಿಗೆ ಕಾಣುವಂಥದ್ದು.

ಗಂಟೆಗೆ 20 ಡಾಲರ್ ಅನ್ನೋದು ಎಲ್ಲ ಕೆಲಸಕ್ಕೂ ಇಲ್ಲ. ಕ್ಯಾಲಿಫೋರ್ನಿಯಾದ ಗವರ್ನರ್ ನ್ಯೂಸಮ್ 2023ರಲ್ಲಿ ಸಹಿ ಹಾಕಿದ ಕನಿಷ್ಠ ವೇತನದ ಕಾಯ್ದೆ ಅದು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದೇಶದಲ್ಲಿ ಕನಿಷ್ಠ 60 ಮಳಿಗೆ ಇರುವ ಫಾಸ್ಟ್ ಫುಡ್ ಕಂಪನಿಗಳಿಗೆ ಮಾತ್ರ ಅನ್ವಯ. ನಮ್ಮ ದೋಸೆ ಹೋಟೆಲು, ಮೂಲೆ ಅಂಗಡಿ ಅದರಲ್ಲಿ ಬರಲ್ಲ. ಅವಕ್ಕೆ ಆಯಾ ಊರಿನ ಕನಿಷ್ಠ ವೇತನದ ದರ. 2025ರಲ್ಲಿ ಸ್ಯಾನ್ ಹೋಸೆಯಲ್ಲಿ ಅದು 17.95 ಡಾಲರ್ ಇತ್ತು, ಊರಿನದೇ ದರ ಇಲ್ಲದ ಕಡೆ ರಾಜ್ಯದ 16.50. ಕರ್ನಾಟಕದಲ್ಲಿ ಪ್ರತಿ ಏಪ್ರಿಲ್‌ಗೆ ಕನಿಷ್ಠ ವೇತನದ ತುಟ್ಟಿಭತ್ಯೆ ಏರುತ್ತಲ್ಲ, ಹಾಗೆ ಇಲ್ಲಿ ಪ್ರತಿ ಜನವರಿಗೆ ಬೆಲೆಯೇರಿಕೆ ನೋಡಿಕೊಂಡು ಸ್ವಲ್ಪ ಏರಿಸುತ್ತಾರೆ. ಇಡೀ ದೇಶಕ್ಕೆ ಅಂತ ಕೇಂದ್ರ ಸರ್ಕಾರ ಇಟ್ಟಿರುವ ದರ ಮಾತ್ರ 7.25 ಡಾಲರ್. 2009ರಿಂದ ಅದು ಒಂದು ಸೆಂಟೂ ಕದಲಿಲ್ಲ.

20 ಡಾಲರನ್ನು ರೂಪಾಯಿಗೆ ಗುಣಿಸಿ ನೋಡಬೇಡಿ. ಇಲ್ಲಿ ಒಂದು ಬೆಡ್‌ರೂಮಿನ ಮನೆ ಬಾಡಿಗೆಯೇ ತಿಂಗಳಿಗೆ 2,500 ಡಾಲರ್ ಆಸುಪಾಸು. ವಾರಕ್ಕೆ 40 ಗಂಟೆ ದುಡಿದರೆ ತೆರಿಗೆಗೆ ಮುಂಚೆ ತಿಂಗಳಿಗೆ 3,400 ಚಿಲ್ಲರೆ ಬರುತ್ತೆ, ಸರಿ. ಆದರೆ 40 ಗಂಟೆ ಕೊಡುವವರು ಯಾರು? ವಾರಕ್ಕೆ ಸರಾಸರಿ 30 ಗಂಟೆ ದಾಟಿದರೆ ಆ ಕೆಲಸಗಾರರನ್ನು ಪೂರ್ಣಾವಧಿ ಅಂತ ಲೆಕ್ಕ ಹಿಡಿದು, ದೊಡ್ಡ ಕಂಪನಿ ಅವರಿಗೆ ಆರೋಗ್ಯ ವಿಮೆ ಕೊಡಬೇಕು. ಅದಕ್ಕೇ ಬಹಳ ಕಡೆ ಶಿಫ್ಟ್ ಹಾಕುವವರಿಗೆ ಮೇಲಿನಿಂದಲೇ ಸೂಚನೆ ಬಂದಿರುತ್ತೆ, 28 ದಾಟಿಸಬೇಡಿ ಅಂತ. ಹಾಗಾಗಿ ಯಾರಾದರೂ ಗಂಟೆಯ ದರ ಹೇಳಿದರೆ, ವಾರಕ್ಕೆ ಎಷ್ಟು ಗಂಟೆ ಕೊಡ್ತೀರಿ ಅಂತ ಮೊದಲು ಕೇಳಿ. ಬದುಕು ನಡೆಯೋದು ಅದರ ಮೇಲೆ.

ನಮ್ಮಲ್ಲಿ ಸಂಜೆ ಶಿಫ್ಟಿಗೆ ಬರುವ ಒಬ್ಬ ಹೆಂಗಸಿದ್ದಾರೆ. ಮೆಕ್ಸಿಕೋದವರು, ಇಬ್ಬರು ಮಕ್ಕಳು. ಬೆಳಗ್ಗೆ ಐದಕ್ಕೆ ಒಂದು ಬರ್ಗರ್ ಅಂಗಡಿಯ ಡ್ರೈವ್-ಥ್ರೂ ಕಿಟಕಿಯಲ್ಲಿ, ಅಂದರೆ ಕಾರಿನಲ್ಲಿ ಕೂತೇ ತಿಂಡಿ ಕೊಳ್ಳುವ ಕಡೆ, ನಿಲ್ಲುತ್ತಾರೆ, ಮಧ್ಯಾಹ್ನ ಮನೆಗೆ ಹೋಗಿ ಅಡಿಗೆ ಮಾಡಿಟ್ಟು ನಮ್ಮಲ್ಲಿಗೆ ಬರುತ್ತಾರೆ. 20 ಡಾಲರ್ ಬಂದ ಮೇಲೆ ಆ ಅಂಗಡಿಯವರು ಅವರ ಗಂಟೆಗಳನ್ನು ಸ್ವಲ್ಪ ಕತ್ತರಿಸಿದರು. ಆದರೂ ಕೈಗೆ ಬರೋದು ಮುಂಚಿಗಿಂತ ಜಾಸ್ತಿಯೇ ಆಯಿತು. ನನ್ನ ಹತ್ತಿರ ಬಂದು, ಇನ್ಮೇಲೆ ಭಾನುವಾರ ಸಂಜೆ ನನಗೆ ಹಾಕಬೇಡಿ, ಮಕ್ಕಳ ಜೊತೆ ಇರ್ತೀನಿ ಅಂದರು. ಸಂಬಳ ಏರಿಸೋದು ಸರಿಯೋ ತಪ್ಪೋ ಅಂತ ಯಾರಾದರೂ ವಾದ ಶುರು ಮಾಡಿದಾಗ ನನಗೆ ನೆನಪಾಗೋದು ಇವರೇ.

ಇನ್ನು ಮಷೀನ್ ವಿಷಯ. ಗ್ರಾಹಕರೇ ಬಿಲ್ ಮಾಡಿಕೊಳ್ಳುವ ಸೆಲ್ಫ್ ಚೆಕ್‌ಔಟ್ ಮಷೀನ್ ಇದ್ದರೆ ಮನುಷ್ಯರೇ ಬೇಡ ಅಂತ ದೂರದಿಂದ ನೋಡಿದವರಿಗೆ ಅನಿಸುತ್ತೆ. ಹತ್ತಿರ ನಿಂತು ನೋಡಿ. ಬಾಳೆಹಣ್ಣಿಗೆ ಬಾರ್‌ಕೋಡ್ ಇರಲ್ಲ, 4011 ಅಂತ ಒತ್ತಬೇಕು. ಕೊತ್ತಂಬರಿ ಸೊಪ್ಪು 4889, ಪಾರ್ಸ್ಲಿ 4899. ಎರಡೂ ನೋಡೋಕೆ ಒಂದೇ ಥರ, ಗ್ರಾಹಕರು ತಪ್ಪು ಒತ್ತುತ್ತಾರೆ. ಚೀಲವನ್ನು ತಕ್ಕಡಿಯ ಮೇಲೆ ಒರಗಿಸಿದರೆ ಮಷೀನ್ ಕೆಂಪು ದೀಪ ಹಾಕಿ ನಿಂತುಬಿಡುತ್ತೆ. ಬಿಯರ್ ಬಾಟಲಿ ತಂದರೆ ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಅಲ್ಲಿ ಮಾರುವ ಹಾಗೇ ಇಲ್ಲ, ಕೌಂಟರ್‌ಗೆ ಕಳಿಸಬೇಕು. ಆರು ಮಷೀನಿಗೆ ಒಬ್ಬ ಹುಡುಗಿ ನಿಂತಿರುತ್ತಾಳೆ. ಮುಂಚೆ ಒಂದು ಕೌಂಟರ್ ನೋಡಿಕೊಳ್ಳುತ್ತಿದ್ದವಳು ಈಗ ಆರು ಕಡೆ ಓಡಾಡುತ್ತಾಳೆ, ಕದ್ದು ಹೋಗುವವರ ಮೇಲೂ ಕಣ್ಣಿಡಬೇಕು, ಬೈಗುಳವನ್ನೂ ಕೇಳಬೇಕು. ಕೆಲಸ ಹೋಗಿಲ್ಲ, ಭಾರ ಹೆಚ್ಚಾಗಿದೆ. ಈ ಭಾರದ ಬಗ್ಗೆ ಮಾತಾಡುವವರು ಕಡಿಮೆ, ನನಗೆ ನಿಜಕ್ಕೂ ಸಿಟ್ಟು ಬರೋದು ಅದಕ್ಕೇ.

ಅಂಗಡಿಯವರೂ ಈಗ ಹಿಂದೆ ಸರಿಯುತ್ತಿದ್ದಾರೆ. ಟಾರ್ಗೆಟ್ ಅನ್ನುವ ದೊಡ್ಡ ಅಂಗಡಿ ಸರಣಿ 2024ರಲ್ಲಿ ಬಹುತೇಕ ಮಳಿಗೆಗಳಲ್ಲಿ ಸೆಲ್ಫ್ ಚೆಕ್‌ಔಟಿಗೆ ಹತ್ತೇ ಐಟಂ ಅಂತ ಮಿತಿ ಹಾಕಿತು. ಡಾಲರ್ ಜನರಲ್ ಅನ್ನುವ ಇನ್ನೊಂದು ಸರಣಿ ಅದೇ ವರ್ಷ ಸಾವಿರಾರು ಮಳಿಗೆಗಳಿಂದ ಅವನ್ನು ತೆಗೆಸಿತು, ಮಾಲು ಸೋರಿ ಹೋಗುತ್ತಿದೆ ಅಂತ. ಸಂಬಳ ಇಳಿಯಿತು ಅಂತ ತೆಗೆಸಿದ್ದಲ್ಲ, ಅಲ್ವಾ?

ನಿಮ್ಮ ರೂಮ್‌ಮೇಟ್‌ಗೆ ಒಂದು ಮಾತು ಕೇಳಿ. ಟೆಕ್ಸಾಸ್‌ನಲ್ಲಿ, ಜಾರ್ಜಿಯಾದಲ್ಲಿ ಇನ್ನೂ ಅದೇ 7.25 ದರ ಇದೆ. ಅಲ್ಲಿನ ಮೆಕ್‌ಡೊನಾಲ್ಡ್ಸ್‌ನಲ್ಲೂ ಪರದೆ ಮುಟ್ಟಿ ಆರ್ಡರ್ ಕೊಡುವ ಇದೇ ಕಿಯಾಸ್ಕ್ ಮಷೀನ್‌ಗಳು ನಿಂತಿವೆಯಲ್ಲ, ಯಾಕೆ? ಪರದೆ ಮುಂದೆ ಗ್ರಾಹಕ ನಿಧಾನವಾಗಿ ಚಿತ್ರ ನೋಡುತ್ತಾನೆ, ಚೀಸ್ ಬೇಕಾ ಅಂತ ಅದು ಮರೆಯದೆ ಕೇಳುತ್ತೆ, ಬಿಲ್ ದೊಡ್ಡದಾಗುತ್ತೆ. ಹಾಗಾಗಿ ಸಂಬಳ ಎಷ್ಟೇ ಇದ್ದರೂ ಕಿಯಾಸ್ಕ್ ಬರುತ್ತಿತ್ತು. ಇನ್ನೂ ಹಿಂದೆ ಹೋಗಿ. ಗ್ರಾಹಕರೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಳ್ಳುವ ಪದ್ಧತಿಯನ್ನು ಪಿಗ್ಲಿ ವಿಗ್ಲಿ ಅನ್ನುವ ಅಂಗಡಿ ಮೆಂಫಿಸ್‌ನಲ್ಲಿ ತಂದಿದ್ದು 1916ರಲ್ಲಿ. ಅದಕ್ಕೆ ಮುಂಚೆ ಗುಮಾಸ್ತರೇ ಎಲ್ಲ ತೆಗೆದುಕೊಡುತ್ತಿದ್ದರು. ದೇಶಕ್ಕೆಲ್ಲ ಕನಿಷ್ಠ ವೇತನ ಅಂತ ಬಂದದ್ದು 1938ರಲ್ಲಿ, ಆಗ ಗಂಟೆಗೆ 25 ಸೆಂಟ್. ಗುಮಾಸ್ತರ ಕೆಲಸಕ್ಕೆ ಕುತ್ತು ಬಂದಾಗ ಆ ಕಾನೂನು ಹುಟ್ಟಿಯೇ ಇರಲಿಲ್ಲ.

ಅಡುಗೆಮನೆಯ ರೋಬಾಟ್‌ಗಳ ಕತೆಯಂತೂ ನಮ್ಮ ಕಣ್ಣೆದುರೇ ನಡೆದದ್ದು. ಪಕ್ಕದ ಮೌಂಟನ್ ವ್ಯೂನಲ್ಲಿ ಜೂಮ್ ಅಂತ ರೋಬಾಟ್ ಪಿಜ್ಜಾ ಕಂಪನಿ ಇತ್ತು. ಜಪಾನಿನ ಹೂಡಿಕೆ ಕಂಪನಿ ಸಾಫ್ಟ್‌ಬ್ಯಾಂಕ್ 2018ರಲ್ಲಿ ಅದಕ್ಕೆ 37.5 ಕೋಟಿ ಡಾಲರ್ ಸುರಿಯಿತು. ಜೂಮ್ 2023ರಲ್ಲಿ ಬಾಗಿಲು ಹಾಕಿತು. ಪ್ಯಾಸಡೀನಾದಲ್ಲಿ ಫ್ಲಿಪ್ಪಿ ಅನ್ನುವ ಬರ್ಗರ್ ಮಗುಚುವ ರೋಬಾಟನ್ನು 2018ರಲ್ಲಿ ಕೆಲಸಕ್ಕೆ ಇಳಿಸಿ ಒಂದೇ ದಿನಕ್ಕೆ ನಿಲ್ಲಿಸಿದರು, ಜನಜಂಗುಳಿಯ ವೇಗಕ್ಕೆ ಅದನ್ನು ಹೊಂದಿಸೋಕೆ ಆಗಲಿಲ್ಲ. ಡ್ರೈವ್-ಥ್ರೂನಲ್ಲಿ ಆರ್ಡರ್ ಕೇಳಿಸಿಕೊಳ್ಳುವ ಐಬಿಎಂನ ಧ್ವನಿ ಯಂತ್ರವನ್ನು ಮೆಕ್‌ಡೊನಾಲ್ಡ್ಸ್ ನೂರಕ್ಕೂ ಹೆಚ್ಚು ಕಡೆ ಪರೀಕ್ಷೆ ಮಾಡಿ 2024ರಲ್ಲಿ ಕೈಬಿಟ್ಟಿತು. ಮುಂದೆ ಇವು ಸುಧಾರಿಸಬಹುದು, ಇಲ್ಲ ಅನ್ನಲ್ಲ. ಆದರೆ ಸಂಬಳ ಏರಿದ ಮಾರನೇ ದಿನ ಪೆಟ್ಟಿಗೆಯಿಂದ ಎದ್ದು ಬರುವಂಥವಲ್ಲ.

ಕೆಲವು ಕಡೆ ಮಷೀನ್ ಅಂತ ಕಾಣುವುದರ ಹಿಂದೆ ದೂರದ ಯಾರೋ ಇರುತ್ತಾರೆ. ನ್ಯೂಯಾರ್ಕಿನ ಕೆಲವು ಹೋಟೆಲುಗಳಲ್ಲಿ 2024ರಲ್ಲಿ ಪರದೆಯ ಮೇಲೆ ಕ್ಯಾಷಿಯರ್ ಕಾಣಿಸಿಕೊಳ್ಳೋಕೆ ಶುರುವಾಯಿತು. ಅವರು ಕೂತಿದ್ದದ್ದು ಫಿಲಿಪ್ಪೀನ್ಸ್‌ನಲ್ಲಿ, ಸಂಬಳ ಗಂಟೆಗೆ ಮೂರು ಡಾಲರ್ ಆಸುಪಾಸು. ಅಮೆಜಾನ್‌ನ ಕ್ಯಾಷಿಯರ್ ಇಲ್ಲದ ಅಂಗಡಿಗಳ ಹಿಂದೆ ಭಾರತದಲ್ಲಿ ಸಾವಿರದಷ್ಟು ಜನ ವಿಡಿಯೊ ನೋಡುತ್ತಿದ್ದರು ಅಂತ ಪತ್ರಿಕೆಗಳಲ್ಲಿ ಬಂತು. ಅವರು ಪ್ರತಿ ಬಿಲ್ ನೋಡುತ್ತಿರಲಿಲ್ಲ, ಕಂಪ್ಯೂಟರಿಗೆ ಕಲಿಸೋಕೆ ಇದ್ದವರು ಅಂತ ಕಂಪನಿ ಹೇಳಿತು. ಹೇಗೇ ನೋಡಿದರೂ ಕೂತು ನೋಡಿದವರು ನಮ್ಮೂರ ಮಕ್ಕಳಂಥವರೇ.

ಹಾಗಂತ ಸಂಬಳ ಏರಿಸಿದ್ದರಿಂದ ಯಾರಿಗೂ ಪೆಟ್ಟು ಬಿದ್ದಿಲ್ಲ ಅಂದರೆ ಸುಳ್ಳಾಗುತ್ತೆ. 20 ಡಾಲರ್ ಬರೋಕೆ ಮುಂಚೆಯೇ, 2023ರ ಕೊನೆಗೆ, ಕ್ಯಾಲಿಫೋರ್ನಿಯಾದ ಪಿಜ್ಜಾ ಹಟ್ ಫ್ರಾಂಚೈಸಿಗಳು 1,200ಕ್ಕೂ ಹೆಚ್ಚು ಡೆಲಿವರಿ ಚಾಲಕರನ್ನು ತೆಗೆಯುವುದಾಗಿ ನೋಟಿಸ್ ಕೊಟ್ಟವು. ಅವರ ಜಾಗಕ್ಕೆ ರೋಬಾಟ್ ಬರಲಿಲ್ಲ, ಆ್ಯಪ್ ಕಂಪನಿಗಳಿಗೆ ಓಡಿಸುವ ಬೇರೆ ಚಾಲಕರು ಬಂದರು. ಕಾಯ್ದೆ ಮಾಡುವಾಗ ಇಂಥವರ ಬಗ್ಗೆ ಯೋಚಿಸಬೇಕಿತ್ತು. ಒಟ್ಟು ಎಷ್ಟು ಕೆಲಸ ಹೋಯಿತು ಅನ್ನೋದರಲ್ಲಿ ಅರ್ಥಶಾಸ್ತ್ರದವರಿಗೇ ಒಮ್ಮತ ಇಲ್ಲ. ಬರ್ಕ್ಲಿ ಯೂನಿವರ್ಸಿಟಿಯ ಸಂಶೋಧಕರು 2024ರಲ್ಲಿ, ಸಂಬಳ ಸುಮಾರು ಶೇ 18ರಷ್ಟು ಏರಿತು, ಕೆಲಸ ಕಡಿಮೆಯಾಗಲಿಲ್ಲ, ನಾಲ್ಕು ಡಾಲರಿನ ಬರ್ಗರ್‌ಗೆ 15 ಸೆಂಟ್ ಜಾಸ್ತಿ ಆಯಿತು ಅಂದರು. 2025ರಲ್ಲಿ ಇನ್ನೊಂದು ತಂಡ, ಏರಿಸದೇ ಇದ್ದಿದ್ದರೆ ಇರಬಹುದಾಗಿದ್ದಕ್ಕಿಂತ ಸುಮಾರು 18,000 ಕೆಲಸ ಕಡಿಮೆ ಇದೆ ಅಂದಿತು. ಅದು ನೂರಕ್ಕೆ ಮೂರರಷ್ಟು. ಆ ದೊಡ್ಡ ಸಂಖ್ಯೆಯನ್ನೇ ಒಪ್ಪೋಣ. ಉಳಿದ ತೊಂಬತ್ತೇಳು ಜನರಿಗೆ ಕನಿಷ್ಠ ದರ 16ರಿಂದ 20ಕ್ಕೆ ಹೋಯಿತು. ಕೆಲಸ ಕಳಕೊಂಡವರಿಗೆ ಬೇರೆ ಆಸರೆ ಬೇಕು, ಅದು ಸರ್ಕಾರದ ಜವಾಬ್ದಾರಿ. ಅವರ ಹೆಸರು ಹೇಳಿ ಉಳಿದವರ ಸಂಬಳ ತಡೆಯೋದು ನನಗೆ ನ್ಯಾಯ ಅನಿಸಲ್ಲ.

ನಮ್ಮ ಕನ್ನಡದವರ ಕೂಟಗಳಲ್ಲೂ ಈ ಮಾತು ಬರುತ್ತೆ. ಊಟದ ತಟ್ಟೆ ಹಿಡಿದುಕೊಂಡು, ಬರ್ಗರ್ ಕೊಡೋರಿಗೆ ಯಾಕೆ ಅಷ್ಟು, ಹೀಗೇ ಕೇಳುತ್ತಿದ್ದರೆ ರೋಬಾಟ್ ಬಂದು ಕೂರುತ್ತೆ ಅಂತಾರೆ. ಒಳ್ಳೆಯ ಜನರೇ, ಕೆಟ್ಟ ಮನಸ್ಸಿಲ್ಲ. ಆದರೆ ತಿಂಗಳ ಕೊನೆಗೆ ಬಾಡಿಗೆಗೆ ಚಿಲ್ಲರೆ ಕೂಡಿಸಿದವರು ಅವರಲ್ಲಿ ಕಡಿಮೆ. ಈಗ ಕೋಡ್ ಬರೆಯುವ ಕೆಲಸಕ್ಕೇ ಎಐ ಬಂದಾಗ ಅದೇ ಜನ ಕಂಗಾಲಾಗಿದ್ದಾರೆ. ಅವರ ಸಂಬಳ ಜಾಸ್ತಿ ಆಗಿದ್ದೇ ತಪ್ಪು ಅಂತ ಯಾರೂ ಅವರಿಗೆ ಹೇಳುತ್ತಿಲ್ಲ. ಹೇಳಲೂಬಾರದು. ಕೌಂಟರಿನಲ್ಲಿ ನಿಂತವರಿಗೂ ಅಷ್ಟೇ ಮರ್ಯಾದೆ ಸಿಗಲಿ ಅನ್ನೋದು ನನ್ನ ಆಸೆ.

ಅಂದಹಾಗೆ, ನೀವು ಓದುವ ಕಾಲೇಜಿಗೂ ಇದಕ್ಕೂ ನಂಟಿದೆ. ಸ್ಯಾನ್ ಹೋಸೆಯ ದರವನ್ನು 8 ಡಾಲರಿನಿಂದ 10ಕ್ಕೆ ಏರಿಸುವ ಚಳವಳಿ ಶುರುವಾಗಿದ್ದು ಸ್ಯಾನ್ ಹೋಸೆ ಸ್ಟೇಟ್‌ನ ಸಮಾಜಶಾಸ್ತ್ರದ ಒಂದು ತರಗತಿಯಲ್ಲಿ, ವಿದ್ಯಾರ್ಥಿಗಳಿಂದ. ಓದುತ್ತಾ ದುಡಿಯುತ್ತಿದ್ದ ಮಕ್ಕಳೇ ಸಹಿ ಸಂಗ್ರಹಿಸಿದರು. 2012ರ ನವೆಂಬರ್‌ನಲ್ಲಿ ಊರಿನ ಜನ ಮತ ಹಾಕಿ ಗೆಲ್ಲಿಸಿದರು. ಈಗಿನ ದರದ ಹಿಂದೆ ಅವರ ಶ್ರಮ ಇದೆ.

ಇನ್ನು ಆ 10 ಡಾಲರ್ ಕ್ಯಾಶ್ ಕೆಲಸ. ಹೋಗಬೇಡಿ. ನಿಮ್ಮ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಕ್ಯಾಂಪಸ್ ಒಳಗೆ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಮಾತ್ರ ಅವಕಾಶ. ಹೊರಗೆ ಅನುಮತಿ ಇಲ್ಲದೆ ದುಡಿದರೆ ನಿಮ್ಮ ವೀಸಾ ಸ್ಟೇಟಸ್ಸೇ ಹೋಗುತ್ತೆ, ಮುಂದೆ ಒಪಿಟಿ (ಓದಿಗೆ ಸಂಬಂಧಿಸಿದ ಕೆಲಸದ ಅನುಮತಿ), ಎಚ್-1 (ಕೆಲಸದ ವೀಸಾ) ಎಲ್ಲಕ್ಕೂ ಅಡ್ಡಿ. ಊರ ದರದ ಹತ್ತಿರತ್ತಿರ ಅರ್ಧ ಕೊಟ್ಟು, "ನಮ್ಮ ಹುಡುಗ, ಸಹಾಯ ಮಾಡ್ತಿದೀವಿ" ಅನ್ನುವವರು ಮಾಡುತ್ತಿರೋದು ಸಹಾಯ ಅಲ್ಲ. ನಿಮಗೆ ದೂರು ಕೊಡೋಕೆ ಭಯ ಅಂತ ಅವರಿಗೆ ಗೊತ್ತು. ಕೊಡಬೇಕಾದ ಸಂಬಳ ಕೊಡದಿದ್ದರೆ ಕ್ಯಾಲಿಫೋರ್ನಿಯಾದ ಲೇಬರ್ ಕಮಿಷನರ್ ಕಚೇರಿಗೆ ಯಾರು ಬೇಕಾದರೂ ದೂರು ಕೊಡಬಹುದು, ಅಲ್ಲಿ ವೀಸಾ ಯಾವುದು ಅಂತ ಕೇಳಲ್ಲ. ಆದರೆ ನಿಮಗೆ ಆ ಸ್ಥಿತಿ ಬರೋದೇ ಬೇಡ.

ನಾಳೆಯೇ ಕ್ಯಾಂಪಸ್ಸಿನ ಊಟದ ಹಾಲ್, ಗ್ರಂಥಾಲಯ, ವಿಭಾಗದ ಆಫೀಸು, ಎಲ್ಲ ಕಡೆ ಅರ್ಜಿ ಹಾಕಿ. ಸೆಮಿಸ್ಟರ್ ಶುರುವಿನಲ್ಲಿ ಸೇರಿದವರಲ್ಲಿ ಕೆಲವರು ಪರೀಕ್ಷೆ ಹತ್ತಿರ ಬಂದಾಗ ಬಿಡುತ್ತಾರೆ, ಅದಕ್ಕೆ ಒಂದು ಸಲ ಇಲ್ಲ ಅಂದರೆ ಮತ್ತೆ ಹೋಗಿ ಕೇಳಿ. ಕೆಲಸ ಸಿಕ್ಕರೆ ಅವರು ಕೊಡುವ ಪತ್ರ ಮತ್ತು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಪತ್ರ ಹಿಡಿದುಕೊಂಡು ಸೋಷಿಯಲ್ ಸೆಕ್ಯೂರಿಟಿ ನಂಬರಿಗೆ, ಅಂದರೆ ಸಂಬಳ, ತೆರಿಗೆಯ ಲೆಕ್ಕಕ್ಕೆ ಬೇಕಾಗುವ ಸರ್ಕಾರಿ ನಂಬರಿಗೆ, ಅರ್ಜಿ ಹಾಕಿ. ಮೊದಲ ಸಂಬಳದ ಚೀಟಿಯಲ್ಲಿ ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ (ಪಿಂಚಣಿ, ವೃದ್ಧರ ಆರೋಗ್ಯ ವಿಮೆಯ ತೆರಿಗೆ) ಅಂತ ಏನಾದರೂ ಹಿಡಿದಿದ್ದಾರಾ ನೋಡಿ. ಹೊಸದಾಗಿ ಬಂದ ಎಫ್-1ನವರಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಅದು ಅನ್ವಯಿಸಲ್ಲ. ಹಿಡಿದಿದ್ದರೆ ಪೇರೋಲ್‌ನವರಿಗೆ ಹೇಳಿ ವಾಪಸ್ ತಗೊಳ್ಳಿ.