ಮಾಡೆಲ್ ಕಾರಿನ ಬಣ್ಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ಲಾಸ್ಟಿಕ್ ಕಿಟ್‌ನಿಂದ ಕಾರು ಜೋಡಿಸುವ ಓದುಗರ ಪತ್ರಗಳಲ್ಲಿ ಹೆಚ್ಚಿನವು ಬಾಡಿಯ ಬಣ್ಣದ ಬಗ್ಗೆಯೇ ಇವೆ. ಟ್ಯಾಂಕ್, ಯುದ್ಧವಿಮಾನದ ಮಾಡೆಲ್‌ಗಳಲ್ಲಿ ಹೊಳಪಿಲ್ಲದ ಬಣ್ಣ ಎಷ್ಟೋ ತಪ್ಪುಗಳನ್ನು ಮುಚ್ಚಿಬಿಡುತ್ತದೆ. ಕಾರಿನ ಹೊಳಪು ಯಾವ ತಪ್ಪನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಅದಕ್ಕೇ ಈ ಸಂಚಿಕೆಯಲ್ಲಿ ಬಾಡಿಯ ಬಣ್ಣಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಜುಲೈನಲ್ಲಿ ಕಪ್ಪು ಲ್ಯಾಕರ್ ಸ್ಪ್ರೇ ಹೊಡೆದೆ. ಹೊಡೆದಾಗ ಚೆನ್ನಾಗಿ ಹೊಳೆಯುತ್ತಿತ್ತು, ಐದೇ ನಿಮಿಷದಲ್ಲಿ ಬೆಳ್ಳಗೆ ಮಂಕಾಯಿತು. ಬಣ್ಣ ಹಳೆಯದಾಗಿತ್ತೇ? ಪೂರ್ತಿ ತೆಗೆದು ಮತ್ತೆ ಹೊಡೆಯಬೇಕೇ?
— ಓದುಗರು, ಮಂಗಳೂರು

ಬಣ್ಣದಲ್ಲಿ ದೋಷವಿಲ್ಲ, ತೆಗೆಯುವುದೂ ಬೇಡ. ಲ್ಯಾಕರ್ ಎಂದರೆ ತೀಕ್ಷ್ಣ ದ್ರಾವಕದಲ್ಲಿ ಕರಗಿಸಿದ, ಬೇಗ ಒಣಗುವ ಬಣ್ಣ. ಅದರ ದ್ರಾವಕ ವೇಗವಾಗಿ ಆವಿಯಾಗುವಾಗ ಬಾಡಿಯ ಮೇಲ್ಮೈಯಿಂದ ಶಾಖ ಹೀರಿಕೊಳ್ಳುತ್ತದೆ. ಮೇಲ್ಮೈ ತಣ್ಣಗಾದ ಕೂಡಲೇ ಗಾಳಿಯಲ್ಲಿರುವ ತೇವ ಅದರ ಮೇಲೆ ಕೂರುತ್ತದೆ, ಇನ್ನೂ ಹಸಿಯಾಗಿರುವ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಸ್ಪ್ರೇ ಡಬ್ಬಿಯಿಂದ ಹೊರಡುವ ಗ್ಯಾಸೂ ತಣ್ಣಗಿರುವುದರಿಂದ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದು ಆಗದಿದ್ದರೆ ಆಶ್ಚರ್ಯ. ಬಿಳಿ ಬಣ್ಣದಲ್ಲೂ ಆಗುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಒಂದು ದಿನ ಪೂರ್ತಿ ಒಣಗಲು ಬಿಡಿ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ಇದ್ದರೆ ನಿಧಾನವಾಗಿ ಆರುವ ಥಿನ್ನರನ್ನು (ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಇಂಥದ್ದು) ಕಡಿಮೆ ಒತ್ತಡದಲ್ಲಿ, ಮೇಲ್ಮೈ ತೇವವಾಗಿ ಕಾಣುವಷ್ಟು ಮಾತ್ರ ಹೊಡೆಯಿರಿ. ಮೇಲಿನ ಪದರ ಮತ್ತೆ ಮೆದುವಾಗಿ ಸಿಕ್ಕಿಕೊಂಡ ತೇವ ಹೊರಬೀಳುತ್ತದೆ, ಮಂಕು ಕಣ್ಣೆದುರಿಗೇ ಮಾಯವಾಗುತ್ತದೆ. ಏರ್‌ಬ್ರಷ್ ಇಲ್ಲದಿದ್ದರೆ ಮಳೆ ಬಿಟ್ಟು ಬಿಸಿಲು ಬಂದ ದಿನ ಅದೇ ಬಣ್ಣದ ಒಂದು ತೆಳು ಕೋಟ್ ಕೊಡಿ. ಸಾಮಾನ್ಯವಾಗಿ ಅಷ್ಟರಲ್ಲೇ ಸರಿಹೋಗುತ್ತದೆ.

ಮುಂದಿನ ಸಲಕ್ಕೆ ಒಂದು ಸಣ್ಣ ತೇವಮಾಪಕ ತಂದಿಟ್ಟುಕೊಳ್ಳಿ. ತೇವಾಂಶ ಶೇ. 65ರ ಮೇಲಿದ್ದರೆ ಹೊಳಪಿನ ಬಣ್ಣಕ್ಕೆ ಕೈ ಹಾಕಬೇಡಿ. ಹೊಡೆಯಲೇಬೇಕಾದರೆ ಬಾಡಿಯನ್ನು ಮೇಜಿನ ದೀಪದ ಕೆಳಗೆ ಹದಿನೈದು ನಿಮಿಷ ಇಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಿ. ಬೆಚ್ಚಗಿನ ಮೇಲ್ಮೈಯಲ್ಲಿ ತೇವ ಕೂರುವುದಿಲ್ಲ. ಎಸಿ ಕೋಣೆಯಲ್ಲಿಟ್ಟ ಬಾಡಿಯನ್ನು ಹೊರಗೆ ತಂದ ತಕ್ಷಣ ಬಣ್ಣ ಹೊಡೆಯುವುದು ತಪ್ಪು, ತಣ್ಣಗಿನ ಬಾಡಿಯ ಮೇಲೆ ಇಬ್ಬನಿ ಕೂತೇ ಕೂರುತ್ತದೆ.

ಬಣ್ಣ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾಗಿದೆ. 2000ರ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳುಕಾಗದ, ಅಂಕಿ ಹೆಚ್ಚಿದಷ್ಟೂ ನಯ) ಉಜ್ಜಿದರೆ ಬಾಗಿಲಿನ ಅಂಚಿನಲ್ಲಿ, ಚಕ್ರದ ಕಮಾನಿನ ಮೇಲೆ ಬಣ್ಣಕ್ಕೂ ಮೊದಲು ಹೊಡೆದ ಪ್ರೈಮರ್ ಕಾಣಿಸುತ್ತಿದೆ. ಎಲ್ಲಿ ಎಡವಿದೆ?
— ಓದುಗರು, ಬೆಂಗಳೂರು

ಎರಡು ಕಡೆ. ಮೊದಲನೆಯದು ಸ್ಪ್ರೇ. ಡಬ್ಬಿ 15ರಿಂದ 20 ಸೆಂ.ಮೀ. ದೂರದಲ್ಲಿರಬೇಕು. 30 ಸೆಂ.ಮೀ. ಆಚೆ ಹಿಡಿದರೆ ಹನಿಗಳು ದಾರಿಯಲ್ಲೇ ಅರೆ ಒಣಗಿ ಬಂದು ಕೂರುತ್ತವೆ, ಹರಡಿ ಸಮವಾಗುವುದಿಲ್ಲ. ಡಬ್ಬಿ ತಣ್ಣಗಿದ್ದರೆ ಒತ್ತಡ ಕಡಿಮೆಯಾಗಿ ಹನಿ ದಪ್ಪವಾಗುತ್ತದೆ. ಹೊಡೆಯುವ ಮೊದಲು ಡಬ್ಬಿಯನ್ನು ಸುಮಾರು 40 ಡಿಗ್ರಿಯ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿ, ಹೊರಗಿನ ನೀರು ಒರೆಸಿ, ಒಂದು ನಿಮಿಷ ಕುಲುಕಿ. ಒಲೆಯ ಹತ್ತಿರಕ್ಕಾಗಲಿ, ಕುದಿಯುವ ನೀರಿಗಾಗಲಿ ತರಲೇಬಾರದು, ಡಬ್ಬಿ ಸಿಡಿಯುತ್ತದೆ.

ಮೊದಲ ಎರಡು ಕೋಟ್ ಕೆಳಗಿನ ಪ್ರೈಮರ್ ಕಾಣುವಷ್ಟು ತೆಳುವಾಗಿರಲಿ. ನಡುವೆ ಹದಿನೈದು ನಿಮಿಷ ಬಿಡಿ. ಆಮೇಲೆ ಬಣ್ಣ ತೇವವಾಗಿ ಹೊಳೆಯುವಷ್ಟು ದಪ್ಪ ಕೋಟ್ ಎರಡು. ಗುಂಡಿ ಒತ್ತುವುದು ಬಾಡಿಯಿಂದ ಆಚೆ, ಬಿಡುವುದೂ ಬಾಡಿ ದಾಟಿದ ಮೇಲೆ. ಬಾಡಿಯ ನಡುವೆ ಒತ್ತಿದರೆ ಮೊದಲು ಉಗುಳಿದ ದಪ್ಪ ಹನಿ ಬಾನೆಟ್ ಮೇಲೇ ಬೀಳುತ್ತದೆ.

ಎರಡನೆಯದು ಉಜ್ಜಿದ ರೀತಿ. ಚೂಪಾದ ಏಣಿನಿಂದ ಹಸಿ ಬಣ್ಣ ಎರಡೂ ಬದಿಗೆ ಸರಿದು ಹೋಗುತ್ತದೆ. ಬಾನೆಟ್ ಮಧ್ಯದಲ್ಲಿ ಮೂರು ಕೋಟ್ ದಪ್ಪ ನಿಂತಿದ್ದರೂ ಬಾಗಿಲಿನ ಅಂಚಿನಲ್ಲಿ, ಚಾವಣಿಯ ನೀರುಗಾಲುವೆಯ ಮೇಲೆ ಒಂದು ಕೋಟಿನಷ್ಟೂ ಇರುವುದಿಲ್ಲ. ಆದ್ದರಿಂದ ಉಜ್ಜುವ ಮೊದಲು ಏಣುಗಳ ಮೇಲೆಲ್ಲ 1 ಮಿ.ಮೀ. ಅಗಲದ ಮಾಸ್ಕಿಂಗ್ ಟೇಪ್ ಅಂಟಿಸಿ. ಬಣ್ಣದ ಮೇಲೆ ಮೂರು ನಾಲ್ಕು ಕೋಟ್ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಇರಲಿ, ಉಜ್ಜುವುದು ಕ್ಲಿಯರನ್ನು ಮಾತ್ರ. ಮೆಟಾಲಿಕ್ ಬಣ್ಣದಲ್ಲಂತೂ ಇದು ಕಡ್ಡಾಯ. ನೇರವಾಗಿ ಉಜ್ಜಿದರೆ ಲೋಹದ ಚೂರುಗಳು ತುಂಡಾಗಿ ಅಲ್ಲಲ್ಲಿ ಬೂದು ಮಚ್ಚೆ ಮೂಡುತ್ತದೆ.

ಕ್ಲಿಯರ್ ಹೊಡೆದು ಒಂದು ವಾರ ಕಾಯಿರಿ. ಮೂಗಿನ ಹತ್ತಿರ ಹಿಡಿದಾಗ ಬಣ್ಣದ ವಾಸನೆ ಬಂದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ. ಆಮೇಲೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಪೇಪರ್ ನೆನೆಸಿ, 2000, 3000 ಎಂದು ಮೇಲೇರಿ. ಕೊನೆಗೆ ಕಾಂಪೌಂಡ್, ಅಂದರೆ ಉಜ್ಜಿ ಹೊಳಪು ತರುವ ಪೇಸ್ಟ್. ಟಾಮಿಯಾ ಕಂಪನಿಯದರಲ್ಲಿ ಕೋರ್ಸ್ (ಒರಟು), ಫೈನ್ (ನಯ), ಫಿನಿಶ್ (ಅತಿ ನಯ) ಎಂದು ಮೂರು ಬರುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಹತ್ತಿಬಟ್ಟೆ ಇರಲಿ. ಕೋರ್ಸ್ ಹಚ್ಚಿದ ಬಟ್ಟೆಯಲ್ಲೇ ಫಿನಿಶ್ ಉಜ್ಜಿದರೆ ಗೀರು ಹೋಗುವುದೇ ಇಲ್ಲ. ಒಂದೇ ಜಾಗದಲ್ಲಿ ಒತ್ತಿ ತಿಕ್ಕಬೇಡಿ, ಬಿಸಿಗೆ ಬಣ್ಣ ಮೆದುವಾಗಿ ಬಟ್ಟೆಯ ನೂಲಿನ ಗುರುತು ಬೀಳುತ್ತದೆ.

ಇಲ್ಲೇ ಇನ್ನೊಂದು ಮಾತು. ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ 0.1 ಮಿ.ಮೀ. ಆಯಿತೆನ್ನಿ, 1/24 ಅಳತೆಯಲ್ಲಿ ಅದು ನಿಜವಾದ ಕಾರಿನ ಮೇಲೆ 2.4 ಮಿ.ಮೀ. ದಪ್ಪದ ಲೇಪಕ್ಕೆ ಸಮ. ಬಾಗಿಲಿನ ಗೆರೆಗಳು ಮುಚ್ಚಿಹೋಗುವುದು ಇದರಿಂದಲೇ. ಪ್ರೈಮರಿಗೂ ಮೊದಲೇ ಗೆರೆಗಳನ್ನು ಸ್ಕ್ರೈಬರಿನಿಂದ, ಇಲ್ಲವೇ ಚಾಕುವಿನ ಬೆನ್ನಿನಿಂದ ನಾಲ್ಕೈದು ಸಲ ಹಗುರವಾಗಿ ಎಳೆದು ಆಳ ಮಾಡಿಕೊಳ್ಳಿ.

ಕೆಂಪು ಪ್ಲಾಸ್ಟಿಕ್ಕಿನ ಬಾಡಿಗೆ ಬಿಳಿ ಬಣ್ಣ ಹೊಡೆದರೆ ನಸುಗುಲಾಬಿ ಆಗುತ್ತಿದೆ. ಎಷ್ಟು ಕೋಟ್ ಕೊಟ್ಟರೂ ಅಷ್ಟೇ.
— ಓದುಗರು, ಮೈಸೂರು

ಕೋಟ್ ಹೆಚ್ಚಿಸಿದಷ್ಟೂ ಗುಲಾಬಿಯೇ ಹೆಚ್ಚುತ್ತದೆ. ಪ್ಲಾಸ್ಟಿಕ್ಕಿಗೆ ಬೆರೆಸಿದ ಕೆಂಪು, ಲ್ಯಾಕರಿನ ದ್ರಾವಕದಲ್ಲಿ ಕರಗಿ ಮೇಲಕ್ಕೆ ಬರುತ್ತಿದೆ. ಪ್ರತಿ ಹೊಸ ಕೋಟ್ ಅದನ್ನು ಮತ್ತೆ ಕರಗಿಸುತ್ತದೆ. ನಡುವೆ ಬೆಳ್ಳಿ ಬಣ್ಣದ ಒಂದು ಕೋಟ್ ಹಾಕಿ. ಅದರಲ್ಲಿರುವ ಚಪ್ಪಟೆ ಲೋಹದ ಚೂರುಗಳು ಒಂದರ ಮೇಲೊಂದು ಕೂತು ಕೆಂಪನ್ನು ತಡೆಯುತ್ತವೆ. ಬೆಳ್ಳಿ ಒಂದು ದಿನ ಒಣಗಲಿ, ಮೇಲೆ ಬಿಳಿ ಪ್ರೈಮರಿನ ತೆಳು ಕೋಟುಗಳು, ಆಮೇಲೆ ಬಿಳಿ ಬಣ್ಣ. ಬಾಡಿಗೆ ಹೊಡೆಯುವ ಮುನ್ನ ಅದೇ ಕಿಟ್ಟಿನ ಸ್ಪ್ರೂ ಕಡ್ಡಿಯ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಮೇಲೆ ಇದೇ ಕ್ರಮದಲ್ಲಿ ಹೊಡೆದು ರಾತ್ರಿಯಿಡೀ ಬಿಟ್ಟು ನೋಡಿ.

ಪ್ರೈಮರಿನ ಬಣ್ಣದ ಬಗ್ಗೆ ಹಲವರು ಕೇಳಿದ್ದಾರೆ. ಹಳದಿ, ಕೆಂಪು, ಕಿತ್ತಳೆ ಬಣ್ಣಗಳು ಕೆಳಗಿನದನ್ನು ಸರಿಯಾಗಿ ಮುಚ್ಚುವುದಿಲ್ಲ. ಇವುಗಳ ಕೆಳಗೆ ಬಿಳಿ ಅಥವಾ ಗುಲಾಬಿ ಪ್ರೈಮರ್ ಇರಲಿ, ಬೂದು ಪ್ರೈಮರಿನ ಮೇಲೆ ಹಳದಿ ಹಸಿರಾಗಿ ಕಾಣುತ್ತದೆ.

ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಹೊಡೆದೆ. ಬಾಡಿಯ ಮೇಲೆ ಸಣ್ಣ ಸಣ್ಣ ಬಿರುಕು ಜಾಲದ ಹಾಗೆ ಎದ್ದಿವೆ. ಬಣ್ಣ ತೆಗೆಯುವುದು ಹೇಗೆ?
— ಓದುಗರು, ದಾವಣಗೆರೆ

ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಕಬ್ಬಿಣ, ಮರಕ್ಕೆಂದು ಮಾಡಿದ ಬಣ್ಣಗಳಲ್ಲಿ, ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರಿನಲ್ಲಿ ಟಾಲ್ವೀನ್, ಅಸಿಟೋನಿನಂಥ ತೀಕ್ಷ್ಣ ದ್ರಾವಕಗಳಿರುತ್ತವೆ. ದಪ್ಪ ಕೋಟಿನಲ್ಲಿ ದ್ರಾವಕ ಹೆಚ್ಚು ಹೊತ್ತು ನಿಂತು ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ.

ತೆಗೆಯಲು ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಎರಡೂ ಬೇಡ, ಬಾಡಿ ಕರಗಿಹೋಗುತ್ತದೆ. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮುಚ್ಚಳವಿರುವ ಡಬ್ಬದಲ್ಲಿ ಹಾಕಿ ಬಾಡಿ ಮುಳುಗಿಸಿ. ಟಾಮಿಯಾದ ಟಿಎಸ್ ಸ್ಪ್ರೇ (ಪ್ಲಾಸ್ಟಿಕ್ ಮಾಡೆಲ್‌ಗೆಂದೇ ಮಾಡಿದ ಲ್ಯಾಕರ್) ಆದರೆ ರಾತ್ರಿಯಿಡೀ ನೆನೆದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಬಂದುಬಿಡುತ್ತದೆ. ಅಂಗಡಿಯ ಬಣ್ಣ ಅಷ್ಟು ಸುಲಭಕ್ಕೆ ಬಿಡದಿರಬಹುದು, ಆಗ 600ರ ಪೇಪರಿನಿಂದ ಉಜ್ಜುವುದೇ ದಾರಿ. ಬೆಂಕಿಯಿಂದ ದೂರ, ಕಿಟಕಿ ತೆರೆದಿಟ್ಟು, ಕೈಗವಸು ಹಾಕಿಕೊಂಡು ಮಾಡಿ. ಪ್ಲಾಸ್ಟಿಕ್ಕಿನಲ್ಲೇ ಬಿದ್ದ ಬಿರುಕು ಹೋಗುವುದಿಲ್ಲ. ಮಿಸ್ಟರ್ ಸರ್ಫೇಸರ್ 1000 ಎಂಬ, ಗೀರು ತುಂಬುವ ಪ್ರೈಮರನ್ನು ತೆಳುವಾಗಿ ಹೊಡೆದು, ಒಣಗಿದ ಮೇಲೆ 1000ದ ಪೇಪರಿನಿಂದ ಸಮ ಮಾಡಿ. ಬಿರುಕು ಕಾಣದಾಗುವವರೆಗೂ ಇದನ್ನೇ ಮಾಡಬೇಕು.

ಬಣ್ಣಗಳ ಕ್ರಮವನ್ನೂ ನೆನಪಿಡಿ. ಲ್ಯಾಕರಿನ ಮೇಲೆ ಇನಾಮೆಲ್ (ಎಣ್ಣೆ ಬಣ್ಣ) ಅಥವಾ ಅಕ್ರಿಲಿಕ್ (ನೀರು ಬೆರೆಯುವ ಬಣ್ಣ) ಸರಿ. ಇನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನದು ಸುಕ್ಕುಗಟ್ಟಿ ಏಳುತ್ತದೆ.

ಮೊದಲ ಕಿಟ್ ಕೊಳ್ಳಬೇಕು. ಯಾವ ಅಳತೆ, ಯಾವ ಸಾಮಾನು?
— ಓದುಗರು, ಹುಬ್ಬಳ್ಳಿ

1/24ರಿಂದ ಶುರುಮಾಡಿ. 4.2 ಮೀಟರ್ ಉದ್ದದ ಕಾರು ಇದರಲ್ಲಿ 17.5 ಸೆಂ.ಮೀ. ಆಗುತ್ತದೆ, ಕೈಯಲ್ಲಿ ಹಿಡಿದು ಕೆಲಸ ಮಾಡಲು ಹದವಾದ ಗಾತ್ರ. ಟಾಮಿಯಾ, ಹಸೆಗಾವಾ, ಆಒಶಿಮಾ, ಫುಜಿಮಿ ಎಲ್ಲ ಜಪಾನಿನ ಕಂಪನಿಗಳು, ಇವುಗಳ ಕಾರುಗಳು ಹೆಚ್ಚಾಗಿ ಇದೇ ಅಳತೆಯವು. ಅಮೆರಿಕದ ಎಎಂಟಿ ಕಿಟ್‌ಗಳು ಹೆಚ್ಚಾಗಿ 1/25. ಎಂಜಿನ್ ಇಲ್ಲದ, ಬಾನೆಟ್ ಮುಚ್ಚಿರುವ ಕಿಟ್ ಆರಿಸಿ.

ಸ್ಪ್ರೂ ಕತ್ತರಿಸುವ ನಿಪ್ಪರ್, ಚೂಪು ಚಾಕು, 400ರಿಂದ 2000ದವರೆಗಿನ ವಾಟರ್ ಪೇಪರ್, ತೆಳು ಸಿಮೆಂಟ್ (ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ನೀರಿನಂಥ ಅಂಟು), 6 ಮಿ.ಮೀ. ಮಾಸ್ಕಿಂಗ್ ಟೇಪ್, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮುಖವಾಡ ಇಷ್ಟು ಸಾಕು. ಬಟ್ಟೆಯ ಮಾಸ್ಕ್ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ತೆಳು ಸಿಮೆಂಟನ್ನು ಭಾಗಕ್ಕೆ ಬಳಿಯಬಾರದು. ಎರಡು ಭಾಗ ಜೋಡಿಸಿ ಹಿಡಿದು ಸಂದಿಗೆ ಬ್ರಷ್ ತುದಿ ಮುಟ್ಟಿಸಿದರೆ ತಾನಾಗಿ ಒಳಗೆ ಹರಿಯುತ್ತದೆ. ಸಂದಿಯ ಮೇಲೆ ಬೆರಳಿಟ್ಟಿದ್ದರೆ ಬೆರಳಿನಡಿಗೂ ಹರಿದು ಗುರುತು ಬೀಳುತ್ತದೆ.

ಪೆಟ್ಟಿಗೆ ತೆರೆದ ಕೂಡಲೇ ಬಾಡಿಯನ್ನು ದೀಪಕ್ಕೆ ಓರೆಯಾಗಿ ಹಿಡಿಯಿರಿ. ಹಿಂಭಾಗದ ಫೆಂಡರ್ ಮೇಲಿನಿಂದ ಚಾವಣಿಯ ಕಂಬದವರೆಗೆ ಕೂದಲೆಳೆಯಷ್ಟು ಸಣ್ಣ ಏರುಗೆರೆ ಕಾಣುತ್ತದೆ. ಅಚ್ಚಿನ ಎರಡು ಹೋಳು ಕೂಡಿದ ಜಾಗ ಅದು. ಚಾಕುವಿನ ಬೆನ್ನಿನಿಂದ ಕೆರೆದು, 600, 1000 ಪೇಪರಿನಿಂದ ಉಜ್ಜಿ ತೆಗೆಯಿರಿ. ಆಮೇಲೆ ಸೋಪುನೀರಿನಲ್ಲಿ ತೊಳೆದು ಒಣಗಿಸಿ, ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ.

ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಮೇಲೆ ಕ್ಲಿಯರ್ ಹೊಡೆದಾಗ ಸುಕ್ಕಾಯಿತು.
— ಓದುಗರು, ಪುಣೆ

ಟಿಎಸ್-13ನಂಥ ಲ್ಯಾಕರ್ ಕ್ಲಿಯರ್ ದಪ್ಪವಾಗಿ ಬಿದ್ದರೆ ಡೆಕಾಲ್ ಕರಗಿ ಸುರುಟುತ್ತದೆ. ಡೆಕಾಲ್ ಅಂಟಿಸಿ ಎರಡು ದಿನ ಬಿಡಿ, ಒಳಗಿನ ನೀರು ಪೂರ್ತಿ ಆರಬೇಕು. ಮೊದಲ ಮೂರು ಕೋಟ್ ಬರೀ ತುಂತುರಾಗಿರಲಿ, ನಡುವೆ ಅರ್ಧ ಗಂಟೆ ಬಿಡಿ. ದಪ್ಪ ಕೋಟ್ ಮರುದಿನಕ್ಕಿರಲಿ.

ಕಾರಿನ ಮುಂಭಾಗದ ಗಾಜನ್ನು (ಪಾರದರ್ಶಕ ಪ್ಲಾಸ್ಟಿಕ್ ಭಾಗ) ಸೂಪರ್ ಗ್ಲೂನಿಂದ ಅಂಟಿಸಿದರೆ ಮಂಜು ಮುಸುಕುತ್ತದೆ.
— ಓದುಗರು, ಶಿವಮೊಗ್ಗ

ಆ ಅಂಟಿನ ಆವಿಯೇ ಗಾಜಿನ ಮೇಲೆ ಗಟ್ಟಿಯಾಗಿ ಬಿಳಿ ಪುಡಿಯಾಗುತ್ತದೆ. ಗಾಜಿಗೆ ಬಿಳಿ ಫೆವಿಕಾಲ್ ಸಾಕು. ಕಡ್ಡಿಯ ತುದಿಯಿಂದ ಅಂಚಿಗಷ್ಟೇ ಹಚ್ಚಿ, ಹೆಚ್ಚಾದದ್ದನ್ನು ಒದ್ದೆ ಬಡ್ಸಿನಿಂದ ಒರೆಸಿ. ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಈಗ ಮುಸುಕಿರುವುದನ್ನು ಫಿನಿಶ್ ಕಾಂಪೌಂಡಿನಿಂದ ಉಜ್ಜಿ ನೋಡಿ, ಮೇಲ್ಮೈಯದಾದರೆ ಹೋಗುತ್ತದೆ.

ಹಲವು ವರ್ಷ ಜೋಡಿಸದೇ ಇಟ್ಟಿದ್ದ ಕಿಟ್ಟಿನಲ್ಲಿ ಟೈರು ತಾಗಿದ ಕಡೆ ಗಾಜು ಕರಗಿ ಹಳ್ಳ ಬಿದ್ದಿದೆ. ಇಲಿ ಕಡಿದದ್ದಲ್ಲ.
— ಓದುಗರು, ಕಲಬುರಗಿ

ಮೆದು ವಿನೈಲ್ ಟೈರಿನಲ್ಲಿರುವ ಪ್ಲಾಸ್ಟಿಸೈಸರ್ (ಅದನ್ನು ಮೆದುವಾಗಿಡುವ ರಾಸಾಯನಿಕ) ನಿಧಾನವಾಗಿ ಹೊರಬಂದು ಪಾಲಿಸ್ಟೈರೀನನ್ನು ಮೆತ್ತಗಾಗಿಸುತ್ತದೆ. ಹಳ್ಳ ಆಳವಿದ್ದರೆ ಗಾಜನ್ನು ಉಜ್ಜಿ ಉಳಿಸಲಾಗದು, ತೆಳುವಾದ ಪಾರದರ್ಶಕ ಹಾಳೆ ಕತ್ತರಿಸಿ ಹಾಕಬೇಕು. ಮನೆಯಲ್ಲಿರುವ ಬೇರೆ ಕಿಟ್‌ಗಳನ್ನೂ ಇವತ್ತೇ ತೆರೆದು, ಟೈರುಗಳನ್ನು ಪ್ಲಾಸ್ಟಿಕ್ ಭಾಗಗಳಿಗೆ ತಾಗದಂತೆ ಬೇರೆ ಪುಟ್ಟ ಚೀಲದಲ್ಲಿ ಹಾಕಿಡಿ.