1.4 ವೋಲ್ಟ್ ಕೊಡಲು ನಿಮಗೆ ಹೇಳಿದವರು ಯಾರು?

ಮಾರ್ಚ್ ಮುಗಿಯುತ್ತಿದ್ದಂತೆ ನನಗೆ ಒಂದೇ ಪ್ರಶ್ನೆ ಹತ್ತಾರು ವೇಷದಲ್ಲಿ ಬರತೊಡಗುತ್ತದೆ: ಪ್ರೊಸೆಸರ್ ಸುಡುತ್ತಿದೆ, ಯಾವ ಕೂಲರ್ ಕೊಳ್ಳಲಿ? ಬಯಾಸ್ ಎಂದರೇನು, ಅದರೊಳಗೆ ಹೋಗುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅದು ತಿಳಿಯದವರು ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗ್‌ಗೆ ಕೈ ಹಾಕಲೇಬಾರದು.

ಮಂಡ್ಯದ ಇಂಜಿನಿಯರಿಂಗ್ ವಿದ್ಯಾರ್ಥಿ: ನನ್ನದು ರೈಜೆನ್ 5 5600ಎಕ್ಸ್. ವಿಡಿಯೊ ನೋಡಿಕೊಂಡು ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಾದ ಎಲ್ಲ ಕೋರ್‌ಗಳನ್ನೂ 4.5 ಗಿಗಾಹರ್ಟ್ಸ್‌ಗೆ, 1.4 ವೋಲ್ಟ್‌ಗೆ ನಿಲ್ಲಿಸಿದ್ದೇನೆ. ಕೂಲರ್ ಡಬ್ಬಿಯ ಜೊತೆ ಬಂದದ್ದೇ. ರೆಂಡರ್ ಮಾಡುವಾಗ 95 ಡಿಗ್ರಿ ದಾಟಿ ಕಂಪ್ಯೂಟರ್ ಆಫ್ ಆಗುತ್ತದೆ. ಕೋಣೆಗೆ ಶೀಟಿನ ಛಾವಣಿ. 240 ಮಿ.ಮೀ. ಲಿಕ್ವಿಡ್ ಕೂಲರ್ ಹಾಕಿಸಲೇ?

ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬೇಡಿ.

ಮೊದಲು ನೀವು ಗಳಿಸಿದ್ದೇನು ನೋಡೋಣ. ಈ ಪ್ರೊಸೆಸರ್ ತಾನಾಗಿಯೇ ಒಂದೆರಡು ಕೋರ್‌ಗಳ ಕೆಲಸವಿದ್ದಾಗ 4.6 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ನೀವು 4.5ಕ್ಕೆ ಕಟ್ಟಿಹಾಕಿ ಆ ಏರಿಕೆಯನ್ನೇ ಕಿತ್ತುಕೊಂಡಿದ್ದೀರಿ. ಹಗುರ ಕೆಲಸಗಳಲ್ಲಿ ನಿಮ್ಮ ಯಂತ್ರ ಈಗ ಮೊದಲಿಗಿಂತ ನಿಧಾನ.

ಇನ್ನು ಕಳೆದುಕೊಂಡದ್ದು. ಪ್ರೊಸೆಸರ್ ನುಂಗುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆರೂ ಕೋರ್ ದುಡಿಯುವಾಗ ಮೊದಲು 4.4 ಗಿಗಾಹರ್ಟ್ಸ್, 1.25 ವೋಲ್ಟ್ ಇತ್ತೆಂದು ಇಟ್ಟುಕೊಳ್ಳಿ. 1.4ನ್ನು 1.25ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 1.25. ವೇಗದ ಪಾಲನ್ನೂ ಸೇರಿಸಿದರೆ 1.28. ಎಂದರೆ ಶೇ 2ರಷ್ಟು ವೇಗಕ್ಕೆ ಶೇ 28ರಷ್ಟು ಹೆಚ್ಚು ಶಾಖ! ಸಿಲಿಕಾನ್ ಬಿಸಿಯಾದಷ್ಟೂ ಅದರೊಳಗಿನ ಸೋರಿಕೆ ವಿದ್ಯುತ್ತೂ ಹೆಚ್ಚುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಕೆಟ್ಟದಾಗಿರುತ್ತದೆ. ಡಬ್ಬಿಯ ಜೊತೆ ಬಂದ ಆ ಪುಟ್ಟ ಅಲ್ಯೂಮಿನಿಯಂ ಕೂಲರನ್ನು ಕೊಟ್ಟಿರುವುದು 76 ವ್ಯಾಟ್ ಮಿತಿಯ ಪ್ರೊಸೆಸರಿಗೆ. ಅದನ್ನು ಬೈಯುವುದು ಅನ್ಯಾಯ.

ಲಿಕ್ವಿಡ್ ಕೂಲರ್ ಶಾಖವನ್ನು ಮಾಯ ಮಾಡುವುದಿಲ್ಲ. ಪ್ರೊಸೆಸರಿನ ಮೇಲಿಂದ ಹೊತ್ತು ತಂದು ನಿಮ್ಮ ಕೋಣೆಗೇ ಸುರಿಯುತ್ತದೆ. ಯಾವ ಫ್ಯಾನೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಏಪ್ರಿಲ್‌ನಲ್ಲಿ ಮಂಡ್ಯದ ಮಧ್ಯಾಹ್ನ 35 ಡಿಗ್ರಿ ಎಂದರೆ ಶೀಟಿನ ಕೆಳಗೆ ಇನ್ನೂ ಹೆಚ್ಚು. ಚಳಿನಾಡಿನ ಹುಡುಗನೊಬ್ಬ 20 ಡಿಗ್ರಿಯ ಕೋಣೆಯಲ್ಲಿ ಕುಳಿತು ತೋರಿಸಿದ ಅಂಕಿ ನಿಮ್ಮದಲ್ಲ.

ಹೀಗೆ ಮಾಡಿ. ಬಯಾಸನ್ನು ಮೂಲ ಸ್ಥಿತಿಗೆ ತನ್ನಿ. ಮದರ್‌ಬೋರ್ಡಿನಲ್ಲಿ ಕೋರುಗಳ ವೋಲ್ಟೇಜನ್ನು ಹದ ಮಾಡುವ ಕರ್ವ್ ಆಪ್ಟಿಮೈಸರ್ ಇದ್ದರೆ ಎಲ್ಲ ಕೋರ್‌ಗಳಿಗೂ ಮೈನಸ್ 10 ಕೊಡಿ. ವೋಲ್ಟೇಜು ಸ್ವಲ್ಪ ಇಳಿಯುತ್ತದೆ, ವೇಗ ಬಹುತೇಕ ಉಳಿಯುತ್ತದೆ, ಕೆಲವೊಮ್ಮೆ ಏರುತ್ತದೆ. ಮೈನಸ್ 30 ಕೊಟ್ಟೆನೆಂದು ಜಂಬ ಪಡುವವರನ್ನು ನಂಬಬೇಡಿ. ಈ ಹೊಂದಿಕೆ ಕೈಕೊಡುವುದು ಭಾರವಾದ ಪರೀಕ್ಷೆಯಲ್ಲಲ್ಲ. ಕಂಪ್ಯೂಟರ್ ಸುಮ್ಮನೆ ಕುಳಿತಾಗ, ಒಂದು ಕೋರ್ ಥಟ್ಟನೆ ಮೇಲಕ್ಕೆ ಜಿಗಿದಾಗ. ಆದ್ದರಿಂದ ಅರ್ಧ ಗಂಟೆಯ ಪರೀಕ್ಷೆ ಸಾಲದು, ಒಂದು ವಾರ ದಿನನಿತ್ಯದ ಕೆಲಸ ಮಾಡಿ ನೋಡಿ. ವಾರಂಟಿಯ ಕಣ್ಣಿಗೆ ಇದೂ ಓವರ್‌ಕ್ಲಾಕಿಂಗೇ ಎಂಬುದು ನೆನಪಿರಲಿ.

ಆಮೇಲೆ ಕ್ಯಾಬಿನೆಟ್ ಬಿಚ್ಚಿ. ನಿಮ್ಮ ಕಡೆಯಿಂದ ಬಂದ ಒಂದು ಯಂತ್ರದಲ್ಲಿ ಆಲೆಮನೆಯ ಮಸಿ ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತಿತ್ತು. ಬ್ರಷ್ಷಿನಿಂದ ಗುಡಿಸಿದ್ದೊಂದೇ ಕೆಲಸ, 11 ಡಿಗ್ರಿ ಇಳಿಯಿತು. ಕೂಲರ್ ಕಳಚುವುದಾದರೆ ಯಂತ್ರ ಬಿಸಿಯಾಗಿರುವಾಗಲೇ ಆಫ್ ಮಾಡಿ, ಪ್ಲಗ್ ಕಿತ್ತು, ಮೆಲ್ಲಗೆ ತಿರುಚಿ ತೆಗೆಯಿರಿ. ನೇರ ಎಳೆದರೆ ಕೂಲರಿಗೂ ಪ್ರೊಸೆಸರಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ, ಅದಕ್ಕೆ ಅಂಟಿ ಪ್ರೊಸೆಸರೇ ಕಿತ್ತು ಬರುತ್ತದೆ, ಪಿನ್ನುಗಳು ಬಾಗುತ್ತವೆ. ಇಷ್ಟಾದ ಮೇಲೂ ಬಿಸಿಯೆನಿಸಿದರೆ ಶಾಖ ಸಾಗಿಸುವ ನಾಲ್ಕು ಹೀಟ್‌ಪೈಪಿನ ಸಾಧಾರಣ ಏರ್ ಕೂಲರ್ ಸಾಕು. ಅದರ ತಳದ ಪ್ಲಾಸ್ಟಿಕ್ ಹಾಳೆಯನ್ನು ಕೀಳಿ. ಕೀಳದೆ ಬಿಗಿದು ನನ್ನ ಬಳಿಗೆ ಬಂದವರ ಲೆಕ್ಕವನ್ನೇ ನಾನು ಬಿಟ್ಟಿದ್ದೇನೆ.

ಕುವೆಂಪುನಗರ: ಐ5-12400, ಎಚ್610 ಬೋರ್ಡ್. ಅಂಗಡಿಯವರು 800 ರೂಪಾಯಿಗೆ ಓವರ್‌ಕ್ಲಾಕ್ ಮಾಡಿಕೊಡುತ್ತೇವೆ ಎನ್ನುತ್ತಾರೆ.

ವೇಗ ಏರಿಸಲು ಬಿಟ್ಟಿರುವ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಕೆ’ ಇರುತ್ತದೆ. ನಿಮ್ಮದಕ್ಕೆ ಇಲ್ಲ, ಬೋರ್ಡೂ ಅದಕ್ಕಲ್ಲ. 800 ರೂಪಾಯಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಶ್ರೀರಂಗಪಟ್ಟಣ: ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಬಹುದೇ?

ಹಲ್ಲಿಗೆ ಹಚ್ಚಿ.

ಮೈಸೂರು: ಐ9-14900ಕೆ ಇದೆ. ಇನ್ನಷ್ಟು ಏರಿಸಬಹುದೇ?

ಏರಿಸುವ ಮಾತು ಆಮೇಲೆ. ಬಯಾಸ್ ಅಪ್‌ಡೇಟ್ ಮಾಡಿದ್ದೀರಾ? 13 ಮತ್ತು 14ನೇ ಪೀಳಿಗೆಯ ಈ ಪ್ರೊಸೆಸರುಗಳಿಗೆ ಅತಿಯಾದ ವೋಲ್ಟೇಜು ಹರಿದು ಕೆಲವು ಕೆಡುತ್ತಿವೆಯೆಂದು ಇಂಟೆಲ್ 2024ರಲ್ಲಿ ತಾನೇ ಒಪ್ಪಿಕೊಂಡು, ಆಗಸ್ಟ್‌ನಲ್ಲಿ ಬಯಾಸ್ ಅಪ್‌ಡೇಟಿನ ಮೂಲಕ ಬರುವ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳ ಆದೇಶಗಳು) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಕೆಟ್ಟಿರುವ ಚಿಪ್ಪನ್ನು ಅಪ್‌ಡೇಟ್ ಗುಣಪಡಿಸುವುದಿಲ್ಲ. ಕಾರಣವಿಲ್ಲದೆ ಆಟಗಳು ಮುಚ್ಚಿಕೊಳ್ಳುತ್ತಿದ್ದರೆ ಬದಲಿ ಕೇಳಿ.

ಮದ್ದೂರು: ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಇಟ್ಟಿದ್ದೇನೆ. ಸರಿಯೇ?

ಹತ್ತು ನಿಮಿಷದ ಪರೀಕ್ಷೆಗೆ ಸರಿ. ಉಷ್ಣತೆ ಏಳೆಂಟು ಡಿಗ್ರಿ ಇಳಿದರೆ ಕ್ಯಾಬಿನೆಟ್ಟಿನೊಳಗೆ ಗಾಳಿ ಆಡುತ್ತಿಲ್ಲವೆಂದು ತಿಳಿಯಿತು. ಮುಂದೆ ಒಂದು, ಹಿಂದೆ ಒಂದು ಫ್ಯಾನ್ ಹಾಕಿಸಿ. ಇಳಿಯದಿದ್ದರೆ ಕೂಲರಿನ ಸ್ಕ್ರೂ, ಪೇಸ್ಟ್ ನೋಡಿ. ಎರಡರಲ್ಲಿ ಯಾವುದಾದರೂ ಸರಿ, ತಗಡನ್ನು ವಾಪಸ್ ಹಾಕಿ. ನಿಮ್ಮೂರಿನ ಹಲ್ಲಿಗಳಿಗೆ ಬೆಚ್ಚಗಿನ ಮದರ್‌ಬೋರ್ಡ್ ಎಂದರೆ ಬಲು ಪ್ರೀತಿ.